ಕರಿಕಿಯ ನಾಡಿನಲ್ಲಿ ಫೆಸ್ಕ್ಯು ಹುಲ್ಲಿನ ಮಾತು

ಎಳ್ಳಮಾವಾಸ್ಯೆಯ ಹಿಂದಿನ ದಿನ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಲಕ್ಕೆ ಚರಗ ಚೆಲ್ಲಲು ಊರು ಸೇರಬೇಕೆಂದು ಹೊರಟವರ ಬುಟ್ಟಿಗಳು, ಚೀಲಗಳು, ಅವುಗಳ ಮೇಲೆ ಕುಳಿತ ಮಕ್ಕಳು. ಆ ಗದ್ದಲದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಾ ಗಾಲ್ಫ್ ಮೈದಾನದ ಹುಲ್ಲಿನ ಬಗ್ಗೆ ಮಾತನಾಡುತ್ತಿದ್ದವರು ನಾವಿಬ್ಬರೇ ಇದ್ದಿರಬೇಕು. ಒಬ್ಬ ನಾನು, ಇನ್ನೊಬ್ಬ ನನ್ನ ಅಕ್ಕನ ಮಗ. ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ತರಬೇತಿಯ ಕೆಲಸಕ್ಕೆ ಅವನಿಗೆ ಕರೆ ಬಂದಿದೆ. ಮನೆಯಲ್ಲಿ ಹೇಳಿದ್ದಾನೆ. ಭಾವನವರಿಂದ ಬಂದ ಉತ್ತರ ಇದು: "ಹುಲ್ಲು ಕೊಯ್ಯಾಕ ಹದಿನಾರು ವರ್ಷ ಓದಬೇಕಾಗಿತ್ತೇನು? ನಿಮ್ಮಜ್ಜ ಓದದನ ಕೊಯ್ತಿದ್ದ!"

ಆ ಜಗಳ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾವನವರಿಗೆ ಸಿಂಧನೂರಿನ ಆಚೆ, ಕಾಲುವೆಯ ಕೆಳಗೆ ಆರು ಎಕರೆ ಹೊಲವಿದೆ. ಅದರಲ್ಲಿ ಎರಡು ಎಕರೆ ಬೂದಿ ಚೆಲ್ಲಿದಂತೆ ಬೆಳ್ಳಗಾಗಿದೆ. ಮಗ ನೌಕರಿಗೆ ಹೋದರೆ ಹೊಲ ಮಾರಿಬಿಡುವುದು ಎಂಬ ಮಾತೂ ಮನೆಯಲ್ಲಿ ಎದ್ದಿತ್ತು. ಹೀಗಾಗಿ ನಮ್ಮ ಮಾತು ಬರೀ ಹುಲ್ಲಿನದಾಗಿರಲಿಲ್ಲ.

ಕಡಲ ದಂಡೆಯ ಹುಲ್ಲು

ಬಸ್ಸು ಲಿಂಗಸುಗೂರು ಬಿಟ್ಟಿತು. ಈ ಊರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ. 1905ರವರೆಗೆ ನಿಜಾಮರ ರಾಜ್ಯದಲ್ಲಿ ಜಿಲ್ಲಾ ಕೇಂದ್ರವೂ ಆಗಿತ್ತು. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ಚಿನ್ನದ ಗಣಿಯ ಇನ್ನೊಂದು ಊರಾದ ಕೆ.ಜಿ.ಎಫ್.ನಲ್ಲಿ ಬ್ರಿಟಿಷರು ಗಾಲ್ಫ್ ಮೈದಾನವನ್ನೇ ಮಾಡಿಕೊಂಡಿದ್ದರು. ಬೆಂಗಳೂರಿನ ಗಾಲ್ಫ್ ಕ್ಲಬ್ ಇನ್ನೂ ಹಿಂದಿನದು, 1876ರದು. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ನಡುವೆ ಓಡಾಡುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಗಾಲ್ಫನ್ನು ಟಿ.ವಿ.ಯಲ್ಲಿ ಮಾತ್ರ ಕಂಡವರು.

ಅದರಲ್ಲಿ ಕಾಣುವ ಹಸಿರೆಲ್ಲ ಒಂದೇ ಬಗೆಯದಲ್ಲ. ಚೆಂಡನ್ನು ಮೊದಲು ಹೊಡೆಯುವ ಕಟ್ಟೆಗೆ ಟೀ ಎನ್ನುತ್ತಾರೆ. ಚೆಂಡು ಬೀಳಿಸುವ ಕುಳಿಯ ಸುತ್ತಲಿನ, ಚಾಪೆಯಂತೆ ನುಣುಪಾದ ಜಾಗ ಗ್ರೀನ್. ಇವೆರಡರ ನಡುವಿನ ಉದ್ದನೆಯ ಹಸಿರು ಹಾದಿಯೇ ಫೇರ್‌ವೇ. ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ 100ರಿಂದ 150 ಎಕರೆ ಬೇಕು. ಅದರಲ್ಲಿ ಇಪ್ಪತ್ತೈದು ಮೂವತ್ತು ಎಕರೆ ಫೇರ್‌ವೇಗೇ ಹೋಗುತ್ತದೆ.

ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯ ಮರಳುದಿಬ್ಬಗಳ ಮೇಲೆ. ಜನ ಬಿಲ್ವಿದ್ಯೆ ಮರೆತು ಗಾಲ್ಫ್ ಆಡುತ್ತಾರೆಂದು 1457ರಲ್ಲೇ ಅಲ್ಲಿನ ಪಾರ್ಲಿಮೆಂಟು ಅದನ್ನು ನಿಷೇಧಿಸಿತ್ತು. ಉಳುಮೆಗೆ ಬಾರದ ಆ ಮರಳಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಹುಲ್ಲುಗಳಲ್ಲಿ ಮುಖ್ಯವಾದದ್ದು ಫೆಸ್ಕ್ಯು. ಎಲೆ ಸೂಜಿಯಂತೆ ಸಣ್ಣದು. ಬೆಳವಣಿಗೆ ನಿಧಾನ. ಕುರಿಗಳೂ ಮೊಲಗಳೂ ಮೇಯ್ದು ಮೇಯ್ದು ಅದನ್ನು ಕುಳ್ಳಗಿಟ್ಟಿದ್ದವು. ಅಂದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೊದಲು ಕುರಿಯೇ ಫೇರ್‌ವೇ ಕಾಯುತ್ತಿತ್ತು.

ಫೆಸ್ಕ್ಯು ಬೆಳೆಸುವ ಕ್ರಮವನ್ನು ಹುಡುಗ ಬಸ್ಸಿನಲ್ಲೇ ಪಾಠ ಒಪ್ಪಿಸುವಂತೆ ಹೇಳಿದ. ಬ್ರಿಟನ್ನಿನಲ್ಲಿ ಬೀಜ ಬಿತ್ತುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಆಗ ನೆಲ ಬೆಚ್ಚಗಿರುತ್ತದೆ, ರಾತ್ರಿ ತಂಪಾಗಿರುತ್ತದೆ. ಬೀಜ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಫೇರ್‌ವೇಯಲ್ಲಿ ಅದನ್ನು 10ರಿಂದ 15 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಎಕರೆಗೆ ವರ್ಷಕ್ಕೆ 20ರಿಂದ 40 ಕಿಲೋ ಸಾರಜನಕ ಸಾಕು. ನೀರು ಕೊಡುವುದು ಹುಲ್ಲು ಬಾಡುವ ಲಕ್ಷಣ ತೋರಿದಾಗ ಮಾತ್ರ. ಮೇಲೆ ಆಗಾಗ ಮರಳು ಹರಡಬೇಕು, ನೆಲ ಗಟ್ಟಿಯಾಗದಂತೆ ತೂತು ಹೊಡೆಯುತ್ತಿರಬೇಕು. ಈ ಹುಲ್ಲು ತುಳಿತ ತಾಳುವುದು ಕಡಿಮೆ. ಅದಕ್ಕೇ ಫೆಸ್ಕ್ಯು ಇರುವ ಕೆಲವು ಹೆಸರಾಂತ ಮೈದಾನಗಳಲ್ಲಿ ಗಾಡಿ ಹತ್ತದೆ ನಡೆದೇ ಆಡಬೇಕು.

"ಹೆಚ್ಚು ನೀರು, ಹೆಚ್ಚು ಗೊಬ್ಬರ ಕೊಟ್ಟರೆ?" ಎಂದೆ.

"ಮೊದಲ ವರ್ಷ ಭಾಳ ಚಂದ ಕಾಣ್ತೈತಿ ಮಾಮಾ. ಆಮೇಲೆ ಸಾಯ್ತೈತಿ."

ವಿಷಯ ಇಷ್ಟೆ. ನೀರು ಗೊಬ್ಬರ ಮಿಕ್ಕಿದರೆ ಪೋವಾ ಆನ್ಯುವಾ ಎಂಬ ಕಳೆಹುಲ್ಲು ನುಗ್ಗಿ ಫೆಸ್ಕ್ಯುವನ್ನು ಹೊರದೂಡುತ್ತದೆ. 2015ರಲ್ಲಿ ಅಮೆರಿಕದ ಚೇಂಬರ್ಸ್ ಬೇ ಮೈದಾನದಲ್ಲಿ ಯು.ಎಸ್. ಓಪನ್ ಪಂದ್ಯಾವಳಿ ನಡೆದಾಗ ಫೆಸ್ಕ್ಯು ಬೆಳೆಸಿದ ಗ್ರೀನ್‌ಗಳಲ್ಲಿ ಈ ಪೋವಾ ಸೇರಿಕೊಂಡು ಚೆಂಡು ಕುಪ್ಪಳಿಸುತ್ತಿದೆಯೆಂದು ಆಟಗಾರರು ದೂರಿದರು. ಕೊನೆಗೆ ಮೈದಾನದವರು ಗ್ರೀನ್‌ಗಳಿಗೆ ಪೋವಾವನ್ನೇ ಹಾಕಬೇಕಾಯಿತು. ಬಡತನದಲ್ಲಿ ಬಾಳುವ ಹುಲ್ಲಿಗೆ ಸಿರಿತನವೇ ಶತ್ರು.

ಕುಂಡದ ಪರೀಕ್ಷೆ

ನಮ್ಮ ಎರೆಭೂಮಿಯಲ್ಲಿ ಫೆಸ್ಕ್ಯು ಬೆಳೆದೀತೇ? ಈ ಪ್ರಶ್ನೆಗೆ ಹುಡುಗ ಪುಸ್ತಕದ ಉತ್ತರವನ್ನಷ್ಟೇ ನಂಬಿರಲಿಲ್ಲ. ಹಿಂದಿನ ದೀಪಾವಳಿಯ ಹೊತ್ತಿಗೆ ಬೆಂಗಳೂರಿನಿಂದ ಒಂದು ಹಿಡಿ ಬೀಜ ತರಿಸಿ, ಮನೆಯ ಮಾಳಿಗೆಯ ಮೇಲೆ ನಾಲ್ಕು ಕುಂಡಗಳಲ್ಲಿ ಹಾಕಿದ್ದ. ಎರಡರಲ್ಲಿ ಹೊಲದ ಕರಿಮಣ್ಣು, ಎರಡರಲ್ಲಿ ಹಳ್ಳದ ಮರಳು. ಹತ್ತು ದಿನಕ್ಕೆ ನಾಲ್ಕರಲ್ಲೂ ಮೊಳಕೆ ಬಂತು. ಚಳಿಗಾಲವಿಡೀ ಹಸಿರಾಗಿತ್ತು. ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಕರಿಮಣ್ಣಿನ ಕುಂಡದ ಹುಲ್ಲು ಮೊದಲು ಹೋಯಿತು, ಮರಳಿನದು ಯುಗಾದಿ ಕಾಣಲಿಲ್ಲ. ಅಕ್ಕ ಆ ಕುಂಡಗಳಿಗೆ ಪುಂಡಿಪಲ್ಯದ ಬೀಜ ಚೆಲ್ಲಿದಳು.

ಕಾರಣ ಶಾಲೆಯ ಮಕ್ಕಳಿಗೂ ತಿಳಿಯುವಂಥದು. ಫೆಸ್ಕ್ಯು, ಗೋಧಿ, ಭತ್ತ ಇವೆಲ್ಲ ಸಿ-3 ಗುಂಪಿನ ಗಿಡಗಳು. ಬಿಸಿಲು ಏರಿದಂತೆ ಇವುಗಳ ಎಲೆಯೊಳಗಿನ ಕಿಣ್ವ ಇಂಗಾಲದ ಡೈ ಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದು, ಮಾಡಿದ ಆಹಾರವನ್ನೇ ವ್ಯರ್ಥ ಮಾಡತೊಡಗುತ್ತದೆ. ಜೋಳ, ಸಜ್ಜೆ, ಮೆಕ್ಕೆಜೋಳ ಮತ್ತು ನಮ್ಮ ಗರಿಕೆ ಸಿ-4 ಗುಂಪಿನವು. ಇವು ಇಂಗಾಲವನ್ನು ಮೊದಲೇ ಒಟ್ಟು ಮಾಡಿ ಆ ಕಿಣ್ವಕ್ಕೆ ಒದಗಿಸುವುದರಿಂದ ಬಿಸಿಲಿನಲ್ಲಿಯೂ ಹಾನಿಯಿಲ್ಲ. ಭತ್ತ ಉಷ್ಣವಲಯಕ್ಕೆ ಹೊಂದಿಕೊಂಡ ಬೆಳೆ, ಹೇಗೋ ತಾಳುತ್ತದೆ. ಫೆಸ್ಕ್ಯುವಿಗೆ ಹಿತವಾದದ್ದು 15ರಿಂದ 24 ಡಿಗ್ರಿ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ದಾಟುತ್ತದೆ. ಮೇಲಾಗಿ ಎರೆಮಣ್ಣು ನೀರು ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಮರಳಿನ ಹುಲ್ಲಿನ ಬೇರಿಗೆ ಎರಡೂ ಕಷ್ಟವೇ. ನಮ್ಮ ದೇಶದಲ್ಲಿ ಈ ಕುಲದ ಹುಲ್ಲುಗಳು ಸಹಜವಾಗಿ ಕಾಣುವುದು ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ.

ಮಸ್ಕಿಯ ಗುಡ್ಡದ ಕೆಳಗೆ

ಮಸ್ಕಿಯಲ್ಲಿ ಇಳಿದೆವು. ಇಲ್ಲಿಗೆ ಬಂದು ಅಶೋಕನ ಶಾಸನ ನೋಡದೆ ಹೋಗಬಾರದು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ಈ ಬಂಡೆಬರಹವನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು. ಅದು ಅಶೋಕನದೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಮಸ್ಕಿಯದು. 1954ರಲ್ಲಿ ಇಲ್ಲಿ ಉತ್ಖನನವೂ ನಡೆದು, ಅಶೋಕನಿಗಿಂತ ಬಹಳ ಹಿಂದೆಯೇ ಜನ ಇಲ್ಲಿ ನೆಲೆಸಿದ್ದರೆಂಬುದು ತಿಳಿಯಿತು.

ಶಾಸನದ ಸಾರ ದೊಡ್ಡದೇನಲ್ಲ. ಧರ್ಮದಲ್ಲಿ ನಿರತನಾದ ಸಣ್ಣ ಮನುಷ್ಯನೂ ಉನ್ನತವಾದುದನ್ನು ಪಡೆಯಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬ ಮಾತು. ಪರೀಕ್ಷೆಯ ಕಾಲದ ಮಕ್ಕಳಿಗೆ ತಂದೆತಾಯಿ ಹೇಳುವುದೂ ಇದನ್ನೇ ಅಲ್ಲವೇ?

ಗುಡ್ಡ ಇಳಿದು ಬರುವಾಗ ಬದುವಿನ ಮೇಲೆ ಹುಡುಗ ಕುಳಿತು ಒಂದು ಗರಿಕೆಯ ಬಳ್ಳಿ ಎಳೆದ. ಮೊಳದುದ್ದ ಬಂತು. ಗಂಟುಗಂಟಿಗೂ ಬೇರು. ನೆಲದ ಮೇಲೆ ಹರಿಯುವ ಬಳ್ಳಿ ಒಂದು, ನೆಲದೊಳಗೆ ಹರಿಯುವ ಕಾಂಡ ಇನ್ನೊಂದು. ನಮ್ಮ ಕಡೆ ಇದು ಕರಿಕಿ. ಗಣಪತಿಗೆ ಇದನ್ನು ಇಪ್ಪತ್ತೊಂದು ಕಟ್ಟಿ ಏರಿಸುತ್ತೇವೆ. ವಂಶ ಕರಿಕಿಯಂತೆ ಹಬ್ಬಲಿ ಎಂದು ಹಿರಿಯರು ಹರಸುತ್ತಾರೆ. ಅದೇ ಹಿರಿಯರು ಅದು ಹೊಲಕ್ಕೆ ಬಿದ್ದರೆ ಮನೆಗೆ ಸಾಲ ಬಿದ್ದಂತೆ ಹೆದರುತ್ತಾರೆ. ಎರೆಹೊಲದ ಕರಿಕಿ ತೆಗೆಯಲು ಬೇಸಿಗೆಯಲ್ಲಿ ನಾಲ್ಕಾರು ಜೋಡಿ ಎತ್ತು ಹೂಡಿ ದೊಡ್ಡ ರಂಟೆ ಹೊಡೆಯುತ್ತಿದ್ದರು, ಆಳುಗಳನ್ನು ಹಚ್ಚಿ ಆಳಕ್ಕೆ ಅಗೆಸುತ್ತಿದ್ದರು. ಬಿಸಿಲಿಗೆ ಬೇರು ಒಣಗಲೆಂದು ಹೆಂಟೆ ಹಾಗೇ ಬಿಡುತ್ತಿದ್ದರು. ಒಂದು ಗಂಟು ಉಳಿದರೂ ಮಳೆಗಾಲಕ್ಕೆ ಮತ್ತೆ ಹಾಜರು.

ಈ ಕರಿಕಿಯೇ ಬೆಚ್ಚನೆಯ ದೇಶಗಳ ಗಾಲ್ಫ್ ಮೈದಾನಗಳ ಮುಖ್ಯ ಹುಲ್ಲು! ಇಂಗ್ಲಿಷಿನಲ್ಲಿ ಬರ್ಮುಡಾ ಎನ್ನುವುದು ಇದನ್ನೇ. ಅಮೆರಿಕದ ಜಾರ್ಜಿಯ ರಾಜ್ಯದ ಟಿಫ್ಟನ್ ಎಂಬಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಗರಿಕೆಯನ್ನು ದಕ್ಷಿಣ ಆಫ್ರಿಕದ ಅದರ ಸೋದರ ಜಾತಿಯೊಂದಿಗೆ ಕೂಡಿಸಿ ಟಿಫ್‌ಗ್ರೀನ್, ಟಿಫ್‌ವೇ ಮುಂತಾದ ಮಿಶ್ರತಳಿಗಳನ್ನು ತಂದರು. ಫೇರ್‌ವೇಗಳಿಗೆ ಹೆಸರಾದ ಟಿಫ್‌ವೇ ಬಂದದ್ದು 1960ರಲ್ಲಿ. ಈ ಮಿಶ್ರತಳಿಗಳು ಬೀಜ ಕಟ್ಟುವುದಿಲ್ಲ. ಕಬ್ಬಿನ ಹಾಗೆ ತುಂಡು ನೆಟ್ಟೇ ಬೆಳೆಸಬೇಕು. 27ರಿಂದ 35 ಡಿಗ್ರಿಯ ಬಿಸಿಲು ಇದಕ್ಕೆ ಹಬ್ಬ. ಫೆಸ್ಕ್ಯುವಿಗಿಂತ ಹೆಚ್ಚು ಗೊಬ್ಬರ ಬೇಕು, ಬೇಗ ಬೆಳೆಯುವುದರಿಂದ ಹೆಚ್ಚು ಸಲ ಕತ್ತರಿಸಬೇಕು. ಆದರೆ ತುಳಿದರೂ ಕಡಿದರೂ ಮತ್ತೆ ಏಳುತ್ತದೆ.

"ನಮ್ಮಪ್ಪ ಕಿತ್ತು ಒಗೆಯೋದನ್ನ ಬೆಳೆಸಾಕ ನನಗ ಪಗಾರ ಕೊಡ್ತಾರ," ಎಂದು ಹುಡುಗ ನಕ್ಕ.

ಮಸ್ಕಿಯ ಆಸುಪಾಸಿನ ಅನೇಕ ಹಳ್ಳಿಗಳಿಗೆ ಇನ್ನೂ ಕಾಲುವೆಯ ನೀರಿಲ್ಲ. 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಧರಣಿ ಕುಳಿತದ್ದು ಇದೇ ಕಾರಣಕ್ಕೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ಕೈಕೊಡುವ ಮಳೆ. ಆ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ನಡುನಡುವೆ ಕಡಲೆ. ಬಸ್ಸು ಮುಂದೆ ಹೋದಂತೆ ಜೋಳ ಹಿಂದೆ ಸರಿದು, ಗದ್ದೆ ಕೊಯ್ದ ಕೂಳೆ ಕಾಣತೊಡಗಿತು. ಕಾಲುವೆಯ ನಾಡು ಬಂತೆಂದು ಕಣ್ಣಿಗೆ ಯಾರೂ ಹೇಳಬೇಕಾಗಿಲ್ಲ.

ನೀರಿನ ಊರು

ಸಿಂಧನೂರನ್ನು ಭತ್ತದ ಕಣಜ ಎನ್ನುತ್ತಾರೆ. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಅಂಗಡಿಗಳು, ಗೊಬ್ಬರದ ಮಳಿಗೆಗಳು. ಸುತ್ತ ಕ್ಯಾಂಪುಗಳು: ಆಂಧ್ರದಿಂದ ಬಂದ ರೈತರವು ಕೆಲವು, 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳು ಕೆಲವು. ಕನ್ನಡ, ತೆಲುಗು, ಬಂಗಾಳಿ, ಉರ್ದು ಒಂದೇ ಚಹಾದಂಗಡಿಯಲ್ಲಿ ಕೇಳುತ್ತವೆ. ಇವರೆಲ್ಲರನ್ನೂ ಕೂಡಿಸಿದ್ದು ತುಂಗಭದ್ರೆಯ ಎಡದಂಡೆ ಕಾಲುವೆ. ಅದರ ಉದ್ದ 227 ಕಿಲೋಮೀಟರ್. ನೀರು ಹರಿಯತೊಡಗಿದ್ದು 1953ರಲ್ಲಿ.

ಆ ಕಾಲುವೆಯನ್ನು ಯೋಜಿಸಿದವರ ಲೆಕ್ಕವೇ ಬೇರೆಯಿತ್ತು. ಬರದ ನಾಡಿನ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು, ಬಹುಪಾಲು ಜೋಳ, ಹತ್ತಿಯಂಥ ಬೆಳೆ, ಭತ್ತಕ್ಕೆ ಸಣ್ಣ ಪಾಲು. ನಡೆದದ್ದು ತಿರುಗುಮುರುಗು. ಮೇಲಿನವರು ಭತ್ತ ಹಚ್ಚಿದರು, ಮಾನ್ವಿ ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗೆ ಬಾಯಿಬಿಡುವಂತಾಯಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿ.ಎಂ.ಸಿ. ಅಡಿ ಇದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಭಾಗದ ಎಷ್ಟೋ ಮನೆಗಳಲ್ಲಿ ನಿದ್ದೆಯಿರಲಿಲ್ಲ.

"ನೀರು ಬಂದಾಗ ಬ್ಯಾಡ ಅನ್ನೋದು ಹೆಂಗ? ನಾಳೆ ಬರ್ತಾವೋ ಇಲ್ಲೋ!" ಎಂದು ಭಾವ ರಾತ್ರಿ ಊಟದ ಹೊತ್ತಿಗೆ ಹೇಳಿದರು. ಅದು ದುರಾಸೆಯ ಮಾತಲ್ಲ. ಭರವಸೆಯಿಲ್ಲದವನು ಸಿಕ್ಕಾಗಲೇ ತುಂಬಿಕೊಳ್ಳುತ್ತಾನೆ.

ಆದರೆ ಎರೆಭೂಮಿಯಲ್ಲಿ ತುಂಬಿಕೊಂಡ ನೀರಿಗೆ ಹೊರಗೆ ದಾರಿಯಿಲ್ಲ. ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಮೊದಲು ಜವಳು, ಆಮೇಲೆ ಸವಳು. ಸವಳು ಭೂಮಿಯ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಳಿಂದ ಅಧ್ಯಯನ ನಡೆದಿದೆ. ಅವರು ಪರೀಕ್ಷಿಸಿ ಹೇಳುವ ಮದ್ದುಗಳಲ್ಲಿ ಮುಖ್ಯವಾದದ್ದು ನೀರು ಬಸಿದು ಹೋಗುವ ದಾರಿ: ತೆರೆದ ಬಸಿಗಾಲುವೆ, ಇಲ್ಲವೇ ನೆಲದೊಳಗೆ ಹೂಳುವ ತೂತಿನ ಕೊಳವೆ.

ಎಳ್ಳಮಾವಾಸ್ಯೆಯ ಲೆಕ್ಕ

ಮರುದಿನ ಹೊಲಕ್ಕೆ ಹೋದೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಚರಗ ಚೆಲ್ಲಿ ಬಂದು ಕುಳಿತ ಮೇಲೆ ಹುಡುಗ ಒಂದು ಕಾಗದ ತೆಗೆದ. ಹೊಲದ ಮಣ್ಣನ್ನು ತಾನೇ ಪರೀಕ್ಷೆ ಮಾಡಿಸಿದ್ದ. ಉಪ್ಪಿನ ಅಳತೆ 5 ಬಂದಿತ್ತು. ಅದರ ಪಕ್ಕದಲ್ಲಿ ಯಾವ ಬೆಳೆ ಎಷ್ಟು ಉಪ್ಪು ತಾಳುತ್ತದೆಂಬ ಪಟ್ಟಿ ಬರೆದುಕೊಂಡಿದ್ದ. ಭತ್ತ 3. ಎತ್ತರದ ಜಾತಿಯ ಫೆಸ್ಕ್ಯು 3.9. ಜೋಳ 6.8. ಗರಿಕೆ 6.9. ಹತ್ತಿ 7.7. ಮಿತಿ ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಭತ್ತದ ಇಳುವರಿ ನೂರಕ್ಕೆ ಸುಮಾರು 12ರಂತೆ ಇಳಿಯುತ್ತದೆ.

"ಎರಡು ಅಂಕ ಹೆಚ್ಚಾತು. ನಲವತ್ತು ಚೀಲ ಬರೋ ಕಡೆ ಮೂವತ್ತು," ಎಂದ.

ಭಾವ ಕಾಗದ ನೋಡಲಿಲ್ಲ. ಬೆಳ್ಳಗಾದ ಎರಡು ಎಕರೆಯ ಕಡೆ ನೋಡಿದರು. ಅಲ್ಲಿ ಭತ್ತದ ಕೂಳೆಯೂ ಇರಲಿಲ್ಲ, ಜೇಕೂ ಇರಲಿಲ್ಲ. ಇದ್ದದ್ದು ಅಲ್ಲಲ್ಲಿ ಹಬ್ಬಿದ ಕರಿಕಿ ಒಂದೇ, ಹಸಿರಾಗಿ. ಕಾಲುವೆ ಕಟ್ಟಿದವರು ಹೇಳಿದ ಜೋಳ-ಹತ್ತಿ ಆ ಪಟ್ಟಿಯಲ್ಲಿ ಮೇಲಿದ್ದವು, ನಾವು ಹಚ್ಚಿದ ಭತ್ತ ಎಲ್ಲಕ್ಕಿಂತ ಕೆಳಗಿತ್ತು. ನಾನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ನಾನು ಸ್ಕಾಟ್ಲೆಂಡಿನ ಮಾತು ಹೇಳಿದೆ. ಹಳೇ ಟಾಮ್ ಮಾರಿಸ್ ಎಂಬಾತ 19ನೇ ಶತಮಾನದಲ್ಲಿ ಸೇಂಟ್ ಆಂಡ್ರೂಸ್ ಮೈದಾನದ ಹುಲ್ಲು ಕಾಯುತ್ತಿದ್ದ. ಮರಳು ಹಾಕು, ನೀರು ಬಸಿಯಲಿ ಎಂಬುದೇ ಅವನ ಮಂತ್ರ. ಆ ಹಳೆಯ ಮೈದಾನ ಇಂದಿಗೂ ದೊಡ್ಡ ಪಂದ್ಯಗಳಿಲ್ಲದ ಭಾನುವಾರ ಆಟಕ್ಕೆ ತೆರೆಯುವುದಿಲ್ಲ. ಹುಲ್ಲು ನೋಡಿಕೊಳ್ಳುವುದೆಂದರೆ ಕೊಯ್ಯುವುದಲ್ಲ, ಮಣ್ಣು, ನೀರು, ಗಾಳಿ ಮೂರನ್ನೂ ತೂಗುವುದು. ಅದನ್ನು ಎರಡು ವರ್ಷ ಕಲಿತು ಬಂದವನಿಗೆ ಬಸಿಗಾಲುವೆಯ ಇಳಿಜಾರು ಹಿಡಿಯುವುದು ಕಷ್ಟವಾಗದು.

"ಅಂದ್ರ ಅಂವ ಅಲ್ಲಿ ಕಲಿಯೋದು ನೀರು ಬಿಡೋ ವಿದ್ಯೆ," ಎಂದಳು ಅಕ್ಕ, ಅಷ್ಟು ಹೊತ್ತು ಸುಮ್ಮನಿದ್ದವಳು. "ಒಡ್ಡು ಕಟ್ಟಿ ಕಟ್ಟಿ ನೀರು ನಿಲ್ಲಿಸಿದವರು ನಾವ. ಇನ್ನ ಬಿಡಾಕ ಒಂದು ದಾರಿ ಮಾಡ್ರಿ. ಮಾರೋ ಮಾತು ಆಮೇಲೆ."

ದಾರಿ ಮಾಡುವುದು ಒಬ್ಬರ ಕೆಲಸವಲ್ಲ. ಬಸಿಗಾಲುವೆ ಹಳ್ಳ ಸೇರಬೇಕಾದರೆ ಕೆಳಗಿನ ಹೊಲದವರ ಬದುವಿನಲ್ಲೇ ಹಾಯಬೇಕು. ಆ ಮನೆಗೂ ಈ ಮನೆಗೂ ನೀರಿನ ಸರದಿಯ ವಿಷಯಕ್ಕೆ ಮೂರು ವರ್ಷದಿಂದ ಮಾತಿಲ್ಲ. ಅವರ ಹೊಲದಲ್ಲೂ ಬಿಳುಪು ಶುರುವಾಗಿರುವುದು ನಾವು ಕುಳಿತಲ್ಲಿಂದಲೇ ಕಾಣುತ್ತಿತ್ತು.

ಭಾವ ಕೈತೊಳೆದು ಎದ್ದರು. ಬುಟ್ಟಿಯಿಂದ ನಾಲ್ಕು ಹೋಳಿಗೆ ತೆಗೆದು ಎಲೆಯಲ್ಲಿ ಸುತ್ತಿಕೊಂಡರು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ಯಾರೂ ಬೇಡವೆನ್ನುವುದಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು ಮಗನನ್ನು ಕರೆದರು: "ಆ ಕಾಗದ ತಗೊಂಡು ಬಾರೋ ತಮ್ಮಾ. ನನಗ ಅಷ್ಟು ಹೇಳಾಕ ಬರೂದಿಲ್ಲ."

ಅಪ್ಪ ಮುಂದೆ, ಮಗ ಹಿಂದೆ, ಕರಿಕಿ ಹಬ್ಬಿದ ಬದುವಿನ ಮೇಲೆ ಇಬ್ಬರೂ ಕೆಳಗಿನ ಹೊಲದ ಕಡೆ ನಡೆದರು.